ಮಾಘಿ ಮುಗಿದ ಮೇಲಿನ ಹಾಜರಿ

ಲಖನೌದಿಂದ ಬಹರಾಯಿಚ್, ನಾನ್‌ಪಾರಾ ದಾಟಿ ಬಂದ ರಸ್ತೆ ರೂಪೈಡೀಹಾದಲ್ಲಿ ಇಕ್ಕಟ್ಟಾಗುತ್ತದೆ. ಎರಡೂ ಬದಿ ಕಂಬಳಿ, ಸ್ಟೀಲು ಪಾತ್ರೆ, ಬಿಸ್ಕತ್ತು ಮಾರುವ ಅಂಗಡಿಗಳು. ಬೆಳಗಿನ ಹತ್ತು ಗಂಟೆಯಾದರೂ ಜನವರಿಯ ಮಂಜು ಕರಗಿರಲಿಲ್ಲ. ಆ ಮಂಜಿನೊಳಗಿಂದ ಟಾಂಗಾಗಳು, ಇ-ರಿಕ್ಷಾಗಳು, ತಲೆಯ ಮೇಲೆ ಗಂಟು ಹೊತ್ತ ಹೆಂಗಸರು, ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗರು ಒಬ್ಬರ ಹಿಂದೊಬ್ಬರಂತೆ ಬಂದು ದೇಶ ದಾಟುತ್ತಿದ್ದರು. ಈಚೆಗೆ ನಮ್ಮ ಸಶಸ್ತ್ರ ಸೀಮಾ ಬಲದ ಜವಾನರು, ಆಚೆಗೆ ನೇಪಾಳದ ಪೊಲೀಸರು. ಭಾರತ ಮತ್ತು ನೇಪಾಳದ ನಡುವೆ 1950ರ ಮೈತ್ರಿ ಒಪ್ಪಂದವಿದೆ, ಎರಡೂ ಕಡೆಯವರಿಗೆ ವೀಸಾ ಬೇಡ. ಸುಮಾರು 1,750 ಕಿಲೋಮೀಟರ್ ಉದ್ದದ ಗಡಿಗೆ ಬೇಲಿಯೂ ಇಲ್ಲ. ನಾಕಾ ಬೇಡವೆಂದರೆ ಗದ್ದೆಯ ಬದುವಿನ ಮೇಲೆ ನಡೆದೇ ಆಚೆ ಸೇರಬಹುದು.

ನಮ್ಮದು ಕರ್ನಾಟಕದಿಂದ ಹೊರಟ ಸಣ್ಣ ತಂಡ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, ಮೈಸೂರಿನ ಶಾಲಾ ಶಿಕ್ಷಕಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ದಂಪತಿ, ಮತ್ತೆ ನಾನು. ನೇಪಾಳದ ದಾಂಗ್ ಜಿಲ್ಲೆಯಲ್ಲಿ, ಕಳ್ಳಸಾಗಣೆಗೆ ಸಿಕ್ಕಿಬೀಳುವ ಅಪಾಯದಲ್ಲಿರುವ ಹುಡುಗಿಯರನ್ನು ಓದಿಸುವ ಸಂಸ್ಥೆಯೊಂದಕ್ಕೆ ನಾವೆಲ್ಲ ಕೈಲಾದಷ್ಟು ಕೊಡುತ್ತ ಬಂದವರು. ಕೊಟ್ಟ ಹಣ ಏನು ಮಾಡುತ್ತಿದೆ ಎಂದು ಕಣ್ಣಾರೆ ನೋಡಿ ತಿಳಿಯೋಣವೆಂದು ಹೊರಟಿದ್ದೆವು. ಹುಡುಗಿಯರ ಗುರುತು ಬಯಲಾಗಬಾರದೆಂಬ ಕಾರಣಕ್ಕೆ ಸಂಸ್ಥೆಯ ಹೆಸರನ್ನಾಗಲಿ ಹಳ್ಳಿಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ.

ಗಡಿ ದಾಟಿದ ಕೂಡಲೇ ರಸ್ತೆಯ ಪಕ್ಕದಲ್ಲಿ ಒಂದು ತಗಡಿನ ಗೂಡು. ಒಳಗೆ ಮೇಜು, ದಪ್ಪನೆಯ ರಿಜಿಸ್ಟರು, ಗೋಡೆಯ ಮೇಲೆ ಕಾಣೆಯಾದ ಹುಡುಗಿಯರ ಫೋಟೊಗಳು. ಹೊರಗೆ ಇಬ್ಬರು ಹೆಂಗಸರು ನಿಂತು ಬರುವ ಹೋಗುವ ರಿಕ್ಷಾಗಳನ್ನೇ ನೋಡುತ್ತಿದ್ದರು. ಅನುರಾಧಾ ಕೊಯಿರಾಲಾ ಅವರು 1993ರಲ್ಲಿ ಕಟ್ಟಿದ ಮೈತಿ ನೇಪಾಳ್ ಮತ್ತು ಅಂಥ ಇನ್ನೂ ಕೆಲವು ಸಂಸ್ಥೆಗಳು ಗಡಿಯ ಹಲವು ನಾಕಾಗಳಲ್ಲಿ ಹೀಗೆ ಕಾವಲು ಇಟ್ಟಿವೆ. ನಾವು ನಿಂತಿದ್ದಾಗಲೇ ಅವರು ಒಂದು ಇ-ರಿಕ್ಷಾ ನಿಲ್ಲಿಸಿದರು. ಒಳಗೆ ಇಪ್ಪತ್ತೈದರ ಆಸುಪಾಸಿನ ಯುವಕ, ಪಕ್ಕದಲ್ಲಿ ಹೊಸ ಸ್ವೆಟರ್ ತೊಟ್ಟ ಹುಡುಗಿ. ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಕೇಳಿದರು: ಎಲ್ಲಿಗೆ? ಅಲ್ಲಿ ಯಾರ ಮನೆ? ಇವನು ನಿನಗೆ ಏನಾಗಬೇಕು? ಇವನ ತಾಯಿಯ ಹೆಸರೇನು? ದನಿ ಏರಿಸಲಿಲ್ಲ, ಗದರಿಸಲಿಲ್ಲ. ಯುವಕ ಅವಳನ್ನು ಚಿಕ್ಕಪ್ಪನ ಮಗಳು ಎಂದ. ಹುಡುಗಿಗೆ ಆ ಚಿಕ್ಕಪ್ಪನ ಹೆಂಡತಿಯ ಹೆಸರು ಗೊತ್ತಿರಲಿಲ್ಲ. ಒಬ್ಬಾಕೆ ಹುಡುಗಿಯ ಕೈಹಿಡಿದು ಒಳಗೆ ಕೂರಿಸಿ, ಅವಳ ಮನೆಗೆ ಫೋನು ಮಾಡತೊಡಗಿದರು. ನಮ್ಮ ಗಾಡಿ ಮುಂದೆ ಸಾಗಿತು.

ಈ ಕಾವಲಿನ ಬಗ್ಗೆ ನೇಪಾಳದಲ್ಲೇ ಎರಡು ಮಾತಿದೆ. ದುಡಿಮೆಗೆಂದು ತನ್ನಿಚ್ಛೆಯಿಂದ ಹೊರಟ ವಯಸ್ಕ ಹೆಣ್ಣನ್ನೂ ಹೆಣ್ಣು ಎಂಬ ಒಂದೇ ಕಾರಣಕ್ಕೆ ತಡೆದು ಪ್ರಶ್ನಿಸುವುದು ಅವಳ ಸಂಚಾರದ ಹಕ್ಕಿಗೆ ಕುತ್ತು ಎಂದು ಮಹಿಳಾ ಹೋರಾಟಗಾರರು ಹೇಳುತ್ತಾರೆ. ಅದು ತೂಕವಿರುವ ಮಾತು. ತಗಡಿನ ಗೂಡಿನಲ್ಲಿ ನಿಂತವರಿಗೂ ಅದು ಗೊತ್ತಿದೆ. ಹುಡುಗಿ ಗಡಿಗೆ ಬಂದು ನಿಂತಾಗ ಆಕೆಯನ್ನು ಉಳಿಸುವುದು ಕೊನೆಯ ಗಳಿಗೆಯ ಕೆಲಸ. ನಿಜವಾದ ಕೆಲಸ ಅವಳು ಮನೆಯಿಂದ ಹೊರಡುವ ಮೊದಲೇ ಆಗಬೇಕು. ನಾವು ನೋಡಲು ಹೊರಟದ್ದು ಆ ಮೊದಲಿನ ಕೆಲಸವನ್ನು.

ಗಡಿಯಾಚೆಯ ನೇಪಾಲ್‌ಗಂಜ್‌ನಿಂದ ಕೊಹಲ್‌ಪುರಕ್ಕೆ ಬಂದು ಬಲಕ್ಕೆ ತಿರುಗಿದರೆ ಪೂರ್ವ-ಪಶ್ಚಿಮ ಹೆದ್ದಾರಿ. ಬಾಂಕೆ ರಾಷ್ಟ್ರೀಯ ಉದ್ಯಾನದ ಸಾಲ ವೃಕ್ಷಗಳ ಕಾಡು ಬಹುದೂರ ಜೊತೆಗೇ ಬರುತ್ತದೆ. ಕಾಡು ಹಿಂದೆ ಬಿದ್ದು ದೇವುಖುರಿ ಕಣಿವೆ ತೆರೆದುಕೊಂಡಾಗ ಮಂಜು ಸರಿದಿತ್ತು, ಕಣ್ಣು ಹಾಯುವಷ್ಟು ದೂರ ಹೂಬಿಟ್ಟ ಸಾಸಿವೆ ಹೊಲಗಳಿದ್ದವು. ಉತ್ತರಕ್ಕೆ ಚುರೆ ಬೆಟ್ಟಗಳ ಸಾಲು, ತಗ್ಗಿನಲ್ಲಿ ರಾಪ್ತಿ ನದಿ. ನೋಡಿದವರಿಗೆ ಇದು ಹೊಟ್ಟೆ ತುಂಬಿದ ಸೀಮೆ ಎನಿಸುತ್ತದೆ. ನೆಲ ಫಲವತ್ತಾದದ್ದೇ. ಆ ನೆಲ ಯಾರದು ಎಂದು ಕೇಳಿದಾಗ ಇಲ್ಲಿನ ಹುಡುಗಿಯರ ಕಥೆ ಶುರುವಾಗುತ್ತದೆ.

ಈ ತರಾಯಿ ಸೀಮೆಯ ಮೂಲ ನಿವಾಸಿಗಳು ಥಾರೂ ಜನ. ಒಂದು ಕಾಲಕ್ಕೆ ಇಲ್ಲಿ ಮಲೇರಿಯಾ ಎಷ್ಟು ಭೀಕರವಾಗಿತ್ತೆಂದರೆ ಬೆಟ್ಟದ ಮೇಲಿನವರು ಕೆಳಗಿಳಿದು ರಾತ್ರಿ ತಂಗಲು ಹೆದರುತ್ತಿದ್ದರು. ತಲೆತಲಾಂತರದಿಂದ ಇಲ್ಲೇ ಬಾಳಿದ ಥಾರೂಗಳಿಗೆ ಆ ರೋಗವನ್ನು ತಾಳಿಕೊಳ್ಳುವ ಶಕ್ತಿಯಿತ್ತು, ಹಾಗಾಗಿ ಕಾಡು ಕಡಿದು ಉತ್ತು ಬಿತ್ತಿದವರು ಅವರೇ. 1950ರ ದಶಕದಲ್ಲಿ ಅಮೆರಿಕದ ನೆರವಿನಿಂದ ಡಿಡಿಟಿ ಸಿಂಪಡಣೆ ಆರಂಭವಾಗಿ ಸೊಳ್ಳೆ ಹತೋಟಿಗೆ ಬಂದಿತು. ಬೆಟ್ಟದಿಂದ ಜನ ಇಳಿದು ಬಂದರು. ಅವರಿಗೆ ಓದು ಬರಹ ಗೊತ್ತಿತ್ತು, ಸರ್ಕಾರಿ ಕಚೇರಿಯ ದಾರಿ ಗೊತ್ತಿತ್ತು. ಥಾರೂಗಳ ಬಳಿ ಇದ್ದದ್ದು ಉಳುಮೆಯೊಂದೇ, ಕಾಗದವಿರಲಿಲ್ಲ. ಭೂಮಿ ಬೇರೆಯವರ ಹೆಸರಿಗೆ ದಾಖಲಾಯಿತು, ಉಳುತ್ತಿದ್ದವರು ಅದೇ ಭೂಮಿಯಲ್ಲಿ ಕಮೈಯಾಗಳಾದರು. ಅಂದರೆ ಸಾಲಕ್ಕೆ ಬಿದ್ದ ಜೀತದಾಳುಗಳು. ಅಪ್ಪನ ಸಾಲ ಮಗನ ತಲೆಗೆ ಬರುತ್ತಿತ್ತು. 2000ದ ಜುಲೈ 17ರಂದು ನೇಪಾಳ ಸರ್ಕಾರ ಈ ಜೀತವನ್ನು ರದ್ದು ಮಾಡಿತು. ಸಾಲ ಮನ್ನಾ ಆಯಿತು, ಆದರೆ ಭೂಮಾಲೀಕರು ಅವರನ್ನು ಜೋಪಡಿಗಳಿಂದ ಹೊರಹಾಕಿದರು. ಬಿಡುಗಡೆಯಾದ ಸಾವಿರಾರು ಕುಟುಂಬಗಳು ರಸ್ತೆಬದಿಯಲ್ಲಿ, ನದಿಯ ದಂಡೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಮಳೆಗಾಲ ಕಳೆದವು.

ಭೂಮಿ ಇಲ್ಲದ, ಕೂಲಿ ಸಿಗದ ಆ ಮನೆಗಳಲ್ಲಿ ಉಳಿದಿದ್ದ ಇನ್ನೊಂದು ರೂಢಿ ಗಟ್ಟಿಯಾಯಿತು. ಹೆಣ್ಣುಮಕ್ಕಳನ್ನು ಕಮ್ಲರಿಗಳಾಗಿ ಕಳಿಸುವುದು. ಆರೇಳು ವರ್ಷದ ಹುಡುಗಿಯನ್ನೂ ಒಂದು ವರ್ಷದ ಕರಾರಿನ ಮೇಲೆ ಪರರ ಮನೆಗೆ ದುಡಿಯಲು ಕಳಿಸುತ್ತಿದ್ದರು. ವರ್ಷಕ್ಕೆ ನಾಲ್ಕೈದು ಸಾವಿರ ನೇಪಾಳಿ ರೂಪಾಯಿ, ಅದೂ ಅಪ್ಪನ ಕೈಗೆ. ಕರಾರು ಆಗುತ್ತಿದ್ದದ್ದು ಮಾಘಿ ಹಬ್ಬದಲ್ಲಿ. ನಾವು ಎಳ್ಳು ಬೆಲ್ಲ ಹಂಚುವ ಮಕರ ಸಂಕ್ರಾಂತಿಯ ದಿನವೇ ಥಾರೂಗಳಿಗೆ ಹೊಸ ವರ್ಷ. ಮನೆಮಂದಿಯೆಲ್ಲ ಕೂಡಿ, ಕಳೆದ ವರ್ಷದ ಲೆಕ್ಕ ನೋಡಿ, ಬರುವ ವರ್ಷ ಯಾರು ಯಾವ ಕೆಲಸ ಮಾಡಬೇಕೆಂದು ತೀರ್ಮಾನಿಸುವ ದಿನ. ಊರಿನ ಮುಖಂಡನನ್ನು ಆರಿಸುವುದೂ ಆ ದಿನಗಳಲ್ಲೇ. ಇಂಥ ಸಂಭ್ರಮದ ದಿನವೇ ದಲ್ಲಾಳಿ ಬಾಗಿಲಿಗೆ ಬರುತ್ತಿದ್ದ. ಮಗಳಿಗೆ ಹೊಟ್ಟೆತುಂಬ ಊಟ, ಒಳ್ಳೆಯ ಬಟ್ಟೆ, ಪಟ್ಟಣದ ಶಾಲೆ ಎಂದು ಮಾತು ಕೊಡುತ್ತಿದ್ದ. ಬಹುಪಾಲು ಹುಡುಗಿಯರು ಶಾಲೆಯ ಮುಖ ನೋಡಲಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ನಡುರಾತ್ರಿಯ ತನಕ ದುಡಿದರು, ಹೊಡೆತ ತಿಂದರು, ಹಲವರು ಅತ್ಯಾಚಾರಕ್ಕೆ ತುತ್ತಾದರು. ಕೆಲವರು ಎಲ್ಲಿ ಹೋದರೆಂದು ಮನೆಯವರಿಗೆ ಮತ್ತೆ ತಿಳಿಯಲೇ ಇಲ್ಲ. ಅವರನ್ನು ಇಟ್ಟುಕೊಂಡವರಲ್ಲಿ ಸರ್ಕಾರಿ ಅಧಿಕಾರಿಗಳಿದ್ದರು, ವಕೀಲರಿದ್ದರು, ಮೇಷ್ಟರುಗಳಿದ್ದರು.

ಇದಕ್ಕೆ ಪರಿಹಾರವೊಂದು ಹುಟ್ಟಿದ್ದು ಒಂದು ಹಂದಿಮರಿಯಿಂದ. ಕ್ಯಾಲಿಫೋರ್ನಿಯಾದ ವಕೀಲೆ ಓಲ್ಗಾ ಮರ್ರೆ 1984ರಲ್ಲಿ ಪ್ರವಾಸಿಯಾಗಿ ನೇಪಾಳಕ್ಕೆ ಬಂದವರು. ವೃತ್ತಿಯಿಂದ ನಿವೃತ್ತರಾಗುವ ವಯಸ್ಸಿನಲ್ಲಿ, 1990ರಲ್ಲಿ, ಇಲ್ಲಿನ ಮಕ್ಕಳಿಗಾಗಿ ಸಂಸ್ಥೆ ಕಟ್ಟಿದರು. ಅದೇ ಇಂದಿನ ನೇಪಾಳ್ ಯೂತ್ ಫೌಂಡೇಶನ್. ಕಮ್ಲರಿ ಪದ್ಧತಿಯ ವಿಷಯ ತಿಳಿದ ಅವರೂ ಅವರ ನೇಪಾಳಿ ಸಹೋದ್ಯೋಗಿಗಳೂ 2000ದಲ್ಲಿ ದಾಂಗ್‌ನ ತಂದೆತಾಯಂದಿರ ಮುಂದೆ ಒಂದು ಕರಾರು ಇಟ್ಟರು. ಮಗಳನ್ನು ಮನೆಯಲ್ಲೇ ಉಳಿಸಿಕೊಂಡು ಶಾಲೆಗೆ ಕಳಿಸಿ, ನಿಮಗೊಂದು ಹಂದಿಮರಿ ಕೊಡುತ್ತೇವೆ. ಹಂದಿ ಬೇಡವೆಂದವರಿಗೆ ಆಡು. ವರ್ಷ ಸಾಕಿ ಮಾರಿದರೆ ಮಗಳನ್ನು ಕಳಿಸಿದ್ದರೆ ಸಿಗುತ್ತಿದ್ದಷ್ಟೇ ಹಣ ಸಿಗುತ್ತಿತ್ತು. ಶಾಲೆಯ ಫೀಸು, ಪುಸ್ತಕ, ಸಮವಸ್ತ್ರ ಸಂಸ್ಥೆಯದು. ರಾತ್ರಿ ಓದಲು ಲಾಟೀನು, ಅದಕ್ಕೆ ಸೀಮೆಎಣ್ಣೆ ಕೂಡ. ಈ ಕೆಲಸದಿಂದ ಬಿಡುಗಡೆಯಾದ ಹುಡುಗಿಯರು 12,000ಕ್ಕೂ ಹೆಚ್ಚು. ಅವರಲ್ಲೇ ಹಲವರು ಮುಂದೆ ಮಾಘಿ ಸಮಯದಲ್ಲಿ ಬಸ್ಸುಗಳನ್ನು ಹತ್ತಿ, ಕರೆದೊಯ್ಯುತ್ತಿದ್ದ ಚಿಕ್ಕ ಹುಡುಗಿಯರನ್ನು ಇಳಿಸಿಕೊಂಡರು, ಬೀದಿ ನಾಟಕ ಆಡಿದರು. 2013ರಲ್ಲಿ ಕಠ್ಮಂಡು ಪಕ್ಕದ ಲಲಿತಪುರದಲ್ಲಿ ಕಮ್ಲರಿಯಾಗಿದ್ದ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಸುಟ್ಟಗಾಯಗಳಿಂದ ಸತ್ತಾಗ ಅವರು ರಾಜಧಾನಿಯ ಬೀದಿಗಿಳಿದು ಪೊಲೀಸರ ಲಾಠಿ ಎದುರಿಸಿದರು. ಅದೇ ವರ್ಷದ ಜೂನ್ 27ರಂದು ಸರ್ಕಾರ ಕಮ್ಲರಿ ಪದ್ಧತಿ ರದ್ದಾಯಿತೆಂದು ಘೋಷಿಸಿತು. ಓಲ್ಗಾ ಮರ್ರೆ 98 ವರ್ಷ ಬಾಳಿ 2024ರಲ್ಲಿ ತೀರಿಕೊಂಡರು.

ಹಾಗಿದ್ದರೆ ಈಗ ಕೆಲಸವೇನು ಉಳಿದಿದೆ ಎಂದು ನಮ್ಮ ಬ್ಯಾಂಕಿನ ಹಿರಿಯರು ಸಂಸ್ಥೆಯ ಅಂಗಳದಲ್ಲಿ ಕೂತ ಮೊದಲ ಸಂಜೆಯೇ ಕೇಳಿದರು. ಸಂಸ್ಥೆ ನಡೆಸುವ ಹಿರಿಯ ಮಹಿಳೆಯನ್ನು ಎಲ್ಲರೂ ದೀದಿ ಎನ್ನುತ್ತಾರೆ, ನಾವೂ ಹಾಗೇ ಕರೆದೆವು. ದೀದಿ ಹೇಳಿದರು: "ಮಾಘಿಗೆ ಬರುತ್ತಿದ್ದ ದಲ್ಲಾಳಿ ಈಗ ಫೋನಿನಲ್ಲಿ ಬರುತ್ತಾನೆ, ಫೇಸ್‌ಬುಕ್‌ನಲ್ಲಿ ಬರುತ್ತಾನೆ. ಮೊದಲು ಮನೆಗೆಲಸಕ್ಕೆ ಅನ್ನುತ್ತಿದ್ದ, ಈಗ ಕಠ್ಮಂಡುವಿನಲ್ಲಿ ಹೋಟೆಲು ಕೆಲಸ ಅನ್ನುತ್ತಾನೆ, ಕುವೈತ್ ಅನ್ನುತ್ತಾನೆ, ಮದುವೆಯಾಗುತ್ತೇನೆ ಅನ್ನುತ್ತಾನೆ." ಗಲ್ಫ್ ದೇಶಗಳಿಗೆ ಮನೆಗೆಲಸಕ್ಕೆ ಹೆಣ್ಣುಮಕ್ಕಳನ್ನು ಕಳಿಸುವುದಕ್ಕೆ ನೇಪಾಳ 2017ರಲ್ಲಿ ತಡೆ ಹಾಕಿತು. ಕಠ್ಮಂಡು ವಿಮಾನ ನಿಲ್ದಾಣದ ಬಾಗಿಲು ಮುಚ್ಚಿದಾಗ ದಲ್ಲಾಳಿಗಳು ಬೇಲಿಯಿಲ್ಲದ ಗಡಿಯತ್ತ ತಿರುಗಿದರು. ಅಲ್ಲಿಂದ ದೆಹಲಿ, ಮುಂಬಯಿ, ಆಮೇಲೆ ವಿಮಾನ. ಮದುವೆಗೆ ಇಲ್ಲಿ ಹೆಣ್ಣಿಗೂ ಗಂಡಿಗೂ ಕನಿಷ್ಠ ವಯಸ್ಸು 20. ಕಾನೂನು ಗಟ್ಟಿಯಾಗಿಯೇ ಇದೆ. ಬಡತನವೂ ಅಷ್ಟೇ ಗಟ್ಟಿಯಾಗಿದೆ.

ಮರುದಿನ ಹುಡುಗಿಯರನ್ನು ಭೇಟಿಯಾಗುವ ಮೊದಲು ದೀದಿ ನಮ್ಮನ್ನು ಕೂರಿಸಿಕೊಂಡು ಕೆಲವು ಮಾತು ಹೇಳಿದರು. ಫೋಟೊ ತೆಗೆಯಬಾರದು. ಯಾವ ಹುಡುಗಿಗೂ ಪ್ರತ್ಯೇಕವಾಗಿ ಉಡುಗೊರೆ ಕೊಡಬಾರದು, ತಂದದ್ದನ್ನು ಕಚೇರಿಯಲ್ಲಿ ಇಡಬೇಕು. ಒಬ್ಬಳನ್ನೇ ಬೇರೆ ಕರೆದು ಮಾತಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನಿನಗೇನಾಗಿತ್ತು ಎಂದು ಯಾರನ್ನೂ ಕೇಳಬಾರದು. "ಹಣ ಕೊಟ್ಟವರು ಬಂದಾಗಲೆಲ್ಲ ಅವಳು ತನ್ನ ನೋವು ಹೇಳಬೇಕಾಗಿ ಬಂದರೆ, ಶಾಲೆಯ ಫೀಸನ್ನು ಅವಳೇ ಕಟ್ಟಿದ ಹಾಗಾಯಿತು" ಎಂದರು. ಆ ಮಾತು ನನ್ನೊಳಗೆ ಇಳಿದು ನಿಂತಿತು. ಕೊಡುವವರಿಗೆ ಕಥೆ ಬೇಕು. ಬಿಡುಗಡೆಯ ಕಥೆಯಾದರಂತೂ ಇನ್ನೂ ಬೇಕು. ಹುಡುಗಿಗೆ ಬೇಕಾದದ್ದು ಆ ಕಥೆ ಹಿಂದೆ ಬಿದ್ದು, ಗಣಿತದ ಲೆಕ್ಕ ಮುಂದೆ ಬರುವುದು.

ಆ ಸಂಜೆ ಹಾಸ್ಟೆಲಿನ ಅಂಗಳದಲ್ಲಿ ಎಲ್ಲರೂ ಸಾಲಾಗಿ ಕೂತು ಉಂಡೆವು. ಹಬ್ಬದ ದಿನಗಳಾದ್ದರಿಂದ ಅಕ್ಕಿ ಹಿಟ್ಟನ್ನು ಕೈಯಲ್ಲಿ ಹೊಸೆದು ಹಬೆಯಲ್ಲಿ ಬೇಯಿಸಿದ ಢಿಕ್ರಿ, ಜೊತೆಗೆ ಖಾರದ ಚಟ್ನಿ. ಮೈಸೂರಿನ ಶಿಕ್ಷಕಿ ಇದು ನಮ್ಮ ಕಡುಬೇ ಎಂದು ಎರಡನೇ ಸಲ ಹಾಕಿಸಿಕೊಂಡರು. ನಾವು ಕೇಳುವಂತಿರಲಿಲ್ಲ, ಆದರೆ ಹುಡುಗಿಯರು ಕೇಳಬಹುದಿತ್ತು, ಕೇಳಿದರು. ನಿಮ್ಮೂರಿನಲ್ಲಿ ಸಮುದ್ರ ಇದೆಯಾ? ಬೆಂಗಳೂರಿನಲ್ಲಿ ನರ್ಸಿಂಗ್ ಓದಲು ಎಷ್ಟು ಖರ್ಚು? ನಮ್ಮ ಅಣ್ಣ ಅಲ್ಲಿ ವಾಚ್‌ಮನ್, ನಿಮಗೆ ಗೊತ್ತಾ? ಆಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸಾಫ್ಟ್‌ವೇರ್ ದಂಪತಿಯ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದಳು: "ನಿಮ್ಮ ಮನೆಯಲ್ಲಿ ಕೆಲಸಕ್ಕೆ ಹುಡುಗಿ ಇದ್ದಾಳಾ? ಅವಳು ಶಾಲೆಗೆ ಹೋಗುತ್ತಾಳಾ?"

ಅವಳ ದನಿಯಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಹೆಂಡತಿಯೇ ಉತ್ತರಿಸಿದರು: "ನಮ್ಮ ಮನೆಯಲ್ಲಿ ಕೆಲಸಕ್ಕೆ ಬರುವವರು ದೊಡ್ಡವರು. ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಗು ಆಡಿಸುವ ಹುಡುಗಿಯರಿದ್ದಾರೆ. ಅವರಿಗೆ ಎಷ್ಟು ವಯಸ್ಸು ಅಂತ ನಾನು ಯಾರನ್ನೂ ಕೇಳಿಲ್ಲ." ಹುಡುಗಿ ತಲೆಯಾಡಿಸಿ, "ಕೇಳಿ" ಎಂದಳು. ಭಾರತದಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದಕ್ಕೆ 2006ರಿಂದಲೇ ನಿಷೇಧವಿದೆ. ಕಮ್ಲರಿಯರನ್ನು ಇಟ್ಟುಕೊಂಡಿದ್ದವರು ನಮ್ಮಂತೆಯೇ ಓದಿದವರು, ಸಂಬಳದವರು, ಮಕ್ಕಳನ್ನು ಒಳ್ಳೆಯ ಶಾಲೆಗೆ ಕಳಿಸುತ್ತಿದ್ದವರು ಎಂಬುದನ್ನು ನೆನೆದರೆ, ಆ ಒಂದು ಪದದ ಭಾರ ತಿಳಿಯುತ್ತದೆ.

ಹಬ್ಬದ ರಜೆ ಮುಗಿದ ಮೊದಲ ದಿನ ನಾವು ಹಳ್ಳಿಯ ಸರ್ಕಾರಿ ಶಾಲೆಯಲ್ಲಿದ್ದೆವು. ಸಂಸ್ಥೆ ತನ್ನದೇ ಶಾಲೆ ಕಟ್ಟಿಲ್ಲ. ಹುಡುಗಿಯರು ಊರಿನ ಮಕ್ಕಳೊಡನೆ ಊರಿನ ಶಾಲೆಯಲ್ಲೇ ಓದುತ್ತಾರೆ. ಮನೆ ತೀರ ದೂರವಿದ್ದವರು, ಮನೆಯೇ ಸುರಕ್ಷಿತವಲ್ಲದವರು ಮಾತ್ರ ಹಾಸ್ಟೆಲಿನಲ್ಲಿರುತ್ತಾರೆ. ವರ್ಷಗಟ್ಟಲೆ ಶಾಲೆ ಬಿಟ್ಟಿದ್ದವರಿಗೆ ಮೊದಲು ಕೆಲವು ತಿಂಗಳ ಸೇತುಬಂಧ ತರಗತಿ, ಹದಿನಾಲ್ಕರ ಹುಡುಗಿಯನ್ನು ಎರಡನೇ ತರಗತಿಯಲ್ಲಿ ಕೂರಿಸಿದರೆ ಅವಳು ಒಂದು ವಾರವೂ ನಿಲ್ಲುವುದಿಲ್ಲ. ಎಂಟನೇ ತರಗತಿಯಲ್ಲಿ ಮೇಷ್ಟ್ರು ಹಾಜರಿ ಕರೆಯುತ್ತಿದ್ದರು. ಹೊಸ ಬಳೆ, ಹಬ್ಬದ ರಿಬ್ಬನ್ನು, ಒಬ್ಬೊಬ್ಬರಾಗಿ "ಹಾಜಿರ್" ಎನ್ನುವ ದನಿ. ಒಂದು ಹೆಸರಿಗೆ ಉತ್ತರ ಬರಲಿಲ್ಲ. ಮೇಷ್ಟ್ರು ಇನ್ನೊಮ್ಮೆ ಕರೆದರು. ಪಕ್ಕದ ಹುಡುಗಿ ತಲೆ ತಗ್ಗಿಸಿದಳು. ಬಾಗಿಲ ಬಳಿ ನಿಂತಿದ್ದ ಸಂಸ್ಥೆಯ ಕಾರ್ಯಕರ್ತೆ ತನ್ನ ನೋಟ್‌ಬುಕ್ಕಿನಲ್ಲಿ ಆ ಹೆಸರು ಬರೆದುಕೊಂಡಳು, ಗಂಟೆ ನೋಡಿದಳು, ಸ್ಕೂಟರಿನ ಕೀ ಕೈಗೆತ್ತಿಕೊಂಡಳು.

ಮಾಘಿ ರಜೆಯ ಮರುದಿನದ ಹಾಜರಿ ಈ ಶಾಲೆಗಳಲ್ಲಿ ವರ್ಷದ ಬಹು ಮುಖ್ಯವಾದ ಹಾಜರಿ. ಆ ದಿನ ಬಾರದವಳ ಮನೆಗೆ ಆ ದಿನವೇ ಹೋಗಬೇಕೆಂಬುದು ಸಂಸ್ಥೆಯ ನಿಯಮ. ಮೂರು ದಿನ ಬಿಟ್ಟು ಹೋದರೆ ಹುಡುಗಿ ಗಡಿಯ ಆಚೆ ಇರಬಹುದು. ಶಿಕ್ಷಕಿಗೂ ನನಗೂ ಜೊತೆಗೆ ಬರಲು ಒಪ್ಪಿಗೆ ಸಿಕ್ಕಿತು, ಒಂದೂ ಮಾತಾಡದೆ ಇರಬೇಕೆಂಬ ಷರತ್ತಿನ ಮೇಲೆ.

ಮಣ್ಣಿನ ಗೋಡೆಯ, ತಗ್ಗು ಮಾಡಿನ ಉದ್ದನೆಯ ಮನೆ. ಒಳಗೆ ಗೋಡೆಗಳ ಬದಲು ಆಳೆತ್ತರದ ಮಣ್ಣಿನ ಕಣಜಗಳು ನಿಂತು ಕೋಣೆಗಳನ್ನು ಬೇರ್ಪಡಿಸಿದ್ದವು. ಥಾರೂಗಳು ಅದನ್ನು ಡೆಹರಿ ಎನ್ನುತ್ತಾರೆ. ಜೇಡಿಮಣ್ಣಿಗೆ ಹೊಟ್ಟು ಕಲಸಿ ಹೆಂಗಸರೇ ಕಟ್ಟುವಂಥವು. ಮೇಲೆ ಬೆರಳಿನಿಂದ ಬಿಡಿಸಿದ ಆನೆ, ನವಿಲು. ಕೆಳಗೆ ಭತ್ತ ತೆಗೆಯುವ ಸಣ್ಣ ಬಾಯಿ. ತಾಯಿ ಒಂದರ ಬಾಯಿಗೆ ಕೈಹಾಕಿ ಹೊರತೆಗೆದು ತೋರಿಸಿದಳು. ಅಂಗೈಯಲ್ಲಿ ಒಂದಿಷ್ಟು ಧೂಳು, ನಾಲ್ಕು ಜೊಳ್ಳು. ಜನವರಿಯಲ್ಲೇ ಕಣಜ ಬರಿದಾಗಿತ್ತು. ಹುಡುಗಿ ಅಂಗಳದ ಪಂಪಿನ ಬಳಿ ಪಾತ್ರೆ ತೊಳೆಯುತ್ತಿದ್ದಳು. ಮನೆಯಲ್ಲೇ ಇದ್ದಳು. ಅವಳ ಬಟ್ಟೆಯ ಚೀಲ ಮಾತ್ರ ಮಂಚದ ಮೇಲೆ ಸಿದ್ಧವಾಗಿ ಕೂತಿತ್ತು.

ಹಬ್ಬಕ್ಕೆ ಬಂದ ದೂರದ ನೆಂಟನೊಬ್ಬ ಕಠ್ಮಂಡುವಿನಲ್ಲಿ ಅಂಗಡಿ ಕೆಲಸ ಕೊಡಿಸುವೆನೆಂದು ಹೇಳಿ, ಒಂದಿಷ್ಟು ಮುಂಗಡವನ್ನೂ ಕೊಟ್ಟು ಹೋಗಿದ್ದ. ಗಂಡ ಮಲೇಷ್ಯಾಕ್ಕೆ ಹೋಗಲು ಮಾಡಿದ ಸಾಲ ತೀರಿಲ್ಲ, ಬಡ್ಡಿ ಬೆಳೆಯುತ್ತಿದೆ. ತಾಯಿ ಇದನ್ನೆಲ್ಲ ಮುಚ್ಚಿಡಲಿಲ್ಲ. ಮಗಳ ಮೇಲೆ ಪ್ರೀತಿ ಇಲ್ಲದವಳೂ ಅಲ್ಲ, ಮಾತಾಡುತ್ತಲೇ ಕಣ್ಣೊರೆಸಿಕೊಂಡಳು. ಕಾರ್ಯಕರ್ತೆ ಬೈಯಲಿಲ್ಲ, ಕಾನೂನು ಓದಿ ಹೇಳಲಿಲ್ಲ. ಮುಂಗಡ ಎಷ್ಟು, ನೆಂಟನ ಫೋನ್ ನಂಬರು ಏನು, ಅಂಗಡಿ ಯಾವ ಬೀದಿಯಲ್ಲಿ ಎಂದು ಬರೆದುಕೊಂಡಳು. ತಮ್ಮ ಸಹಕಾರ ಸಂಘದಿಂದ ಕಡಿಮೆ ಬಡ್ಡಿಯ ಸಾಲ ತೆಗೆದು ಮುಂಗಡ ಹಿಂದಿರುಗಿಸುವ ದಾರಿ ಹೇಳಿದಳು. ಬಿಡುಗಡೆಯಾದ ಕಮ್ಲರಿಯರೇ ಕಟ್ಟಿಕೊಂಡ ಇಂಥ ಸಂಘಗಳು ಈ ಜಿಲ್ಲೆಗಳಲ್ಲಿವೆ. ಕೊನೆಗೆ ತಾಯಿಯ ಪಕ್ಕ ಕೂತು ತಗ್ಗಿದ ದನಿಯಲ್ಲಿ ಥಾರೂ ಭಾಷೆಯಲ್ಲಿ ಏನೋ ಹೇಳಿದಳು. ಹಿಂದಿರುಗುವಾಗ ನಮಗದನ್ನು ಹಿಂದಿಯಲ್ಲಿ ತಿಳಿಸಿದಳು: "ಕಾಕೀ, ನಾನು ಹೋದಾಗ ನನಗೆ ಒಂಬತ್ತು ವರ್ಷ. ನನ್ನ ಅಮ್ಮನಿಗೂ ಇಂಥದೇ ಮಾತು ಕೊಟ್ಟಿದ್ದರು ಅಂದೆ." ತನ್ನ ಬಗ್ಗೆ ಆಕೆ ಹೇಳಿದ್ದು ಅಷ್ಟೇ. ನಾವೂ ಹೆಚ್ಚಿಗೆ ಕೇಳಲಿಲ್ಲ.

ಸದ್ಯಕ್ಕೆ ಪರೀಕ್ಷೆ ಮುಗಿಯುವವರೆಗೆ ಕಳಿಸುವುದಿಲ್ಲ ಎಂದು ತಾಯಿ ಒಪ್ಪಿದಳು. ಪರೀಕ್ಷೆಯ ಆಮೇಲೆ? ಎಂದು ಶಿಕ್ಷಕಿ ದಾರಿಯಲ್ಲಿ ಕೇಳಿದರು. "ಆಮೇಲೆ ಮತ್ತೆ ಹೋಗುತ್ತೇನೆ" ಎಂದಳು ಕಾರ್ಯಕರ್ತೆ. "ನಾಳೆಯೂ ಹೋಗುತ್ತೇನೆ."

ಆ ರಾತ್ರಿ ಬ್ಯಾಂಕಿನ ಹಿರಿಯರು ಲೆಕ್ಕದ ಪುಸ್ತಕ ಬಿಡಿಸಿ ಕೂತರು. ದೀದಿಯೇ ತಂದು ಮುಂದಿಟ್ಟಿದ್ದರು. ಕಾರ್ಯಕರ್ತೆಯರ ಸಂಬಳ, ಸ್ಕೂಟರಿನ ಪೆಟ್ರೋಲು, ಫೋನಿನ ರೀಚಾರ್ಜು, ಸೈಕಲ್ ಪಂಕ್ಚರು, ಸ್ಯಾನಿಟರಿ ಪ್ಯಾಡು, ಪರೀಕ್ಷಾ ಶುಲ್ಕ, ಸಾಕ್ಷಿ ಹೇಳಲು ಕೋರ್ಟಿಗೆ ಹೋಗುವ ಹುಡುಗಿಗೂ ಜೊತೆಗಿರುವವರಿಗೂ ಬಸ್ ಚಾರ್ಜು. ಪುಟ ಪುಟವೂ ಇಂಥವೇ. ದೀದಿ ಹೇಳಿದರು: "ಕಟ್ಟಡಕ್ಕೆ ಕೊಡುವವರು ಸಿಗುತ್ತಾರೆ, ಕಂಪ್ಯೂಟರಿಗೆ ಸಿಗುತ್ತಾರೆ. ಗೋಡೆಯ ಮೇಲೆ ಹೆಸರು ಬರೆಸಬಹುದಲ್ಲ. ಪೆಟ್ರೋಲಿಗೆ ಕೇಳಿದರೆ ಆಡಳಿತ ವೆಚ್ಚ ಜಾಸ್ತಿಯಾಯಿತು ಅನ್ನುತ್ತಾರೆ. ಒಂದು ವರ್ಷ ಕೊಟ್ಟು ಇನ್ನೊಂದು ವರ್ಷ ಹೊಸ ಯೋಜನೆ ಏನಿದೆ ಎಂದು ಕೇಳುತ್ತಾರೆ. ಒಂದನೇ ತರಗತಿಗೆ ಸೇರಿದವಳು ಹತ್ತು ಮುಗಿಸಲು ಹತ್ತು ವರ್ಷ ಬೇಕು. ಅವಳಿಗೆ ಪ್ರತಿ ವರ್ಷವೂ ಒಂದು ಮಾಘಿ ಬರುತ್ತದೆ." ಹಿರಿಯರು ಕನ್ನಡಕ ತೆಗೆದು, "ಇದರಲ್ಲಿ ಆಡಳಿತ ವೆಚ್ಚ ಅನ್ನುವಂಥದ್ದು ನನಗೊಂದೂ ಕಾಣುತ್ತಿಲ್ಲ, ತಾಯಿ" ಎಂದರು.

ಅಂದು ಬೆಳಗ್ಗೆ ನೋಡಿದ್ದೂ ಅದನ್ನೇ. ಆ ಹುಡುಗಿಯನ್ನು ಅಂದು ಉಳಿಸಿದ್ದು ಅರ್ಧ ಲೀಟರ್ ಪೆಟ್ರೋಲು, ಒಬ್ಬಾಕೆಯ ಸಂಬಳ, ಮತ್ತು ತಡಮಾಡದೆ ಮನೆ ಬಾಗಿಲಿಗೆ ಬಂದ ಒಂದು ಪ್ರಶ್ನೆ. ಸಾಗಣೆದಾರ ಆರಿಸಿಕೊಳ್ಳುವುದು ಯಾರೂ ಹುಡುಕಿಕೊಂಡು ಬಾರದ ಮಗುವನ್ನು. ಶಾಲೆ ಕೊಡುವ ರಕ್ಷಣೆ ಅಕ್ಷರದಿಂದ ಮಾತ್ರ ಬರುವುದಲ್ಲ. ಶಾಲೆಯಲ್ಲಿ ಹೆಸರಿರುವ ಹುಡುಗಿ ಬಾರದೆ ಹೋದರೆ ಯಾರಿಗಾದರೂ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಎದ್ದು ಹೋಗಲು ಒಬ್ಬರಿರಬೇಕು. ಆ ಒಬ್ಬರನ್ನು ಸಾಕುವುದೇ ದಾನಿಗಳು ಮಾಡಬಹುದಾದ ಅತಿ ದೊಡ್ಡ ಕೆಲಸ.

ಇದು ದೂರದ ದೇಶದ ಕಥೆ ಎಂದು ಕನ್ನಡಿಗರು ಹೇಳುವಂತಿಲ್ಲ. ಮುಂಬಯಿಯ ಕಾಮಾಠಿಪುರದ ವೇಶ್ಯಾಗೃಹಗಳ ಓಣಿಗಳಲ್ಲಿ ನೇಪಾಳದ ಹುಡುಗಿಯರ ಪಕ್ಕದ ಕೋಣೆಯಲ್ಲೇ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಹೆಣ್ಣುಮಕ್ಕಳಿದ್ದರು. 1996ರಲ್ಲಿ ಅಲ್ಲಿ ಪೊಲೀಸರು ದಾಳಿ ಮಾಡಿ ನೂರಾರು ಹುಡುಗಿಯರನ್ನು ಹೊರತಂದಾಗ, ತನ್ನವರನ್ನು ಮರಳಿ ಕರೆಸಿಕೊಳ್ಳಲು ನೇಪಾಳ ಸರ್ಕಾರ ಮುಂದೆ ಬರಲಿಲ್ಲ. ಸ್ವಯಂಸೇವಾ ಸಂಸ್ಥೆಗಳೇ 128 ಮಂದಿಯನ್ನು ಊರಿಗೆ ಕರೆತಂದವು. ಹಾಗೆ ಬಂದವರಲ್ಲಿ ಕೆಲವರು ಸೇರಿ ಕಟ್ಟಿದ ಶಕ್ತಿ ಸಮೂಹಕ್ಕೆ 2013ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಇತ್ತ ನಮ್ಮಲ್ಲಿ ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 1982ರಲ್ಲಿ. ದಾಂಗ್‌ನಲ್ಲಿ ಸಂಕ್ರಾಂತಿಯಂದು ಕರಾರಾಗುತ್ತಿದ್ದ ಹಾಗೆ, ನಮ್ಮಲ್ಲಿ ಭಾರತ ಹುಣ್ಣಿಮೆಯಂದು ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುತ್ತಿದ್ದರು. ಎರಡೂ ಕಡೆ ಬಡತನ, ಭೂಮಿ ಇಲ್ಲದ ಜಾತಿ, ಶುಭದಿನದ ಹೆಸರು. ದೇವದಾಸಿ ತಾಯಂದಿರ ಮಕ್ಕಳನ್ನು ಓದಿಸಲು ನಮ್ಮ ಉತ್ತರ ಕರ್ನಾಟಕದಲ್ಲೂ ಜನ ದುಡಿಯುತ್ತಿದ್ದಾರೆ. ಅವರ ಲೆಕ್ಕದ ಪುಸ್ತಕದಲ್ಲೂ ಪೆಟ್ರೋಲು, ಸಂಬಳ, ಬಸ್ ಚಾರ್ಜುಗಳೇ ಇರುತ್ತವೆ.

ಹೊರಡುವ ಮುನ್ನ ನಾವು ಕೂತು ಮಾತಾಡಿ ಕೆಲವು ತೀರ್ಮಾನ ಮಾಡಿಕೊಂಡೆವು. ಇನ್ನು ಮುಂದೆ ನಮ್ಮ ಹಣ ಕಟ್ಟಡಕ್ಕಲ್ಲ, ಇಬ್ಬರು ಕಾರ್ಯಕರ್ತೆಯರ ಸಂಬಳಕ್ಕೆ. ವರ್ಷಕ್ಕೊಮ್ಮೆ ಯೋಚಿಸಿ ಕೊಡುವುದಲ್ಲ, ಇಂದು ಒಂದನೇ ತರಗತಿಗೆ ಸೇರುವವಳು ಹತ್ತನೆಯದನ್ನು ಮುಗಿಸುವವರೆಗೆ. ನಮಗೆ ಯಾರ ಫೋಟೊವೂ ಬೇಡ, ಯಾರ ಕಥೆಯೂ ಬೇಡ. ವರ್ಷಕ್ಕೊಂದು ಕಾಗದ ಸಾಕು: ಮಾಘಿಯ ನಂತರ ಎಷ್ಟು ಮಂದಿ ಶಾಲೆಗೆ ಬಂದರು, ಬಾರದವರ ಮನೆಗೆ ಯಾವ ದಿನ ಹೋದಿರಿ. ಎಲ್ಲ ವರ್ಷವೂ ಒಳ್ಳೆಯ ಸುದ್ದಿಯೇ ಬರುವುದಿಲ್ಲವೆಂದು ದೀದಿ ಮೊದಲೇ ಹೇಳಿದ್ದಾರೆ. ಕೆಟ್ಟ ಸುದ್ದಿ ಬಂದ ವರ್ಷ ಕೊಡುವುದನ್ನು ನಿಲ್ಲಿಸುವುದಿಲ್ಲ ಎಂಬುದೂ ನಮ್ಮ ತೀರ್ಮಾನದಲ್ಲಿ ಸೇರಿದೆ.

ದಾನ ಕೊಡುವ ಮನಸ್ಸಿರುವ ಓದುಗರಲ್ಲಿ ನನ್ನದೂ ಒಂದು ಕೋರಿಕೆ. ಅದು ನೇಪಾಳದ್ದಿರಲಿ, ಅಥಣಿ ಸವದತ್ತಿಗಳ ಕಡೆಯದ್ದಿರಲಿ, ನಿಮಗೆ ನಂಬಿಕೆ ಇರುವ ಸಂಸ್ಥೆಯೊಂದನ್ನು ಆರಿಸಿಕೊಳ್ಳಿ. ಹೋಗಿ ನೋಡಿ, ಲೆಕ್ಕ ಕೇಳಿ, ಅದು ನಿಮ್ಮ ಹಕ್ಕು. ಹುಡುಗಿಯ ನೋವನ್ನು ಕೇಳಬೇಡಿ, ಅದು ಅವಳದು. ಬಾರದವಳನ್ನು ಹುಡುಕಿಕೊಂಡು ಹೋಗುವವರು ಯಾರು, ಅವರಿಗೆ ತಿಂಗಳ ಸಂಬಳ ಸರಿಯಾಗಿ ಬರುತ್ತಿದೆಯೇ ಎಂದು ಕೇಳಿ. ಊರಿಗೆ ಮರಳಿದ ಮೇಲೆ, ಪಕ್ಕದ ಮನೆಯಲ್ಲಿ ಮಗು ಆಡಿಸುತ್ತಿರುವ ಹುಡುಗಿಗೆ ಎಷ್ಟು ವಯಸ್ಸು, ಅವಳು ಯಾವ ಶಾಲೆಗೆ ಹೋಗುತ್ತಾಳೆ ಎಂದೂ ಕೇಳಿ. ಉತ್ತರ ಸರಿಯಿಲ್ಲವೆನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಾಗೆ ಕೇಳುವುದಕ್ಕೆ ದುಡ್ಡು ಬೇಕಿಲ್ಲ, ಆದರೆ ದಾಂಗ್‌ನ ಆ ಒಂಬತ್ತನೇ ತರಗತಿಯ ಹುಡುಗಿ ನಮ್ಮಿಂದ ಮೊದಲು ಕೇಳಿದ್ದು ಅದನ್ನೇ.